ಆರು ಪುಟದ ಚಕ್ಕುಬಂದಿ

ಎರಡು ಸಾವಿರದ ಏಳನೆಯ ಇಸವಿಯಲ್ಲಿ ನಮ್ಮ ಹೊಸಪೇಟೆಯಲ್ಲಿ ಕಾಗದಕ್ಕೆ ಸಹಿ ಹಾಕಿ ಕೆಟ್ಟವರು ಕಡಿಮೆ. ಇವತ್ತು ಸಹಿ ಹಾಕಿದವನ ಮನೆ ಮುಂದೆ ಬರುವ ತಿಂಗಳು ಒಂದು ಬಿಳಿ ಕಾರು ಬಂದು ನಿಲ್ಲುತ್ತಿತ್ತು, ಅದರ ಮುಂದಿನ ವಾರ ಅದು ಕೆಂಪು ಕಾರಾಗುತ್ತಿತ್ತು. ಗಣಿಯ ಅದಿರಿನ ಧೂಳು ಹಾಗಿತ್ತು. ತಾಲೂಕು ಕಚೇರಿ ಎದುರಿನ ನನ್ನ ಜೆರಾಕ್ಸ್ ಅಂಗಡಿಯ ಗಾಜು ಕೆಂಪು, ಕಾಗದದ ಅಂಚು ಕೆಂಪು, ನಾನು ಸೀನಿದರೆ ಕರ್ಚೀಫು ಕೆಂಪು. ಅಂಥ ಕಾಲದಲ್ಲಿ ಅಮೆರಿಕದ ಕಾಗದಕ್ಕೇ ಸಹಿ ಹಾಕಿ, ಕಾರು ಹಾಳಾಗಲಿ, ಒಂದು ಪ್ಲೇಟು ವಗ್ಗರಣಿ-ಮಿರ್ಚಿಯ ಮುಖವನ್ನೂ ಕಾಣದೆ ಹೋದವನು ನನಗೆ ತಿಳಿದಂತೆ ಒಬ್ಬನೇ. ನಮ್ಮ ಶಂಭುಲಿಂಗ.

ಶಂಭುಲಿಂಗನಿಗೆ ಸಂಡೂರು ರಸ್ತೆಯಲ್ಲಿರುವ ಎರ್ರೆಪ್ಪ ಸಾಹುಕಾರರ ವೇ-ಬ್ರಿಡ್ಜಿನಲ್ಲಿ ಕೆಲಸ. ಅದಿರಿನ ಲಾರಿ ಬಂದು ತಕ್ಕಡಿಯ ಮೇಲೆ ನಿಂತರೆ ಕಂಪ್ಯೂಟರಿನ ಗುಂಡಿ ಒತ್ತಬೇಕು, ತೂಕದ ಚೀಟಿ ಹರಿದು ಕೊಡಬೇಕು, ಮುಂದಿನ ಲಾರಿಯನ್ನು ಕರೆಯಬೇಕು. ಅವನ ಕಿಟಕಿಗೆ ನಾಲ್ಕು ಅಡ್ಡ ಸರಳು, ಆಚೆ ಒಂದು ಗುಡ್ಡ. ಅವನು ಕೆಲಸಕ್ಕೆ ಸೇರಿದ ವರ್ಷ ಕುರ್ಚಿಯಲ್ಲಿ ಕುಳಿತು ನೋಡಿದರೆ ಗುಡ್ಡದ ನೆತ್ತಿ ಮೇಲಿನ ಸರಳಿಗೆ ತಾಗುತ್ತಿತ್ತಂತೆ. ನಾನು ಹೇಳುತ್ತಿರುವ ಕಾಲಕ್ಕೆ ಎರಡನೆಯ ಸರಳಿಗೆ ಇಳಿದಿತ್ತು.

ತಕ್ಕಡಿಯ ಪ್ರೋಗ್ರಾಮನ್ನು ಹೈದರಾಬಾದಿನವನೊಬ್ಬ ಬರೆದುಕೊಟ್ಟು ನಾಪತ್ತೆಯಾಗಿದ್ದ. ಅದರಲ್ಲಿ ಒಂದೇ ದೋಷ. ಲಾರಿಯ ತೂಕ ಮೂವತ್ತೆರಡೂ ಮುಕ್ಕಾಲು ಟನ್ ದಾಟಿದರೆ ಪರದೆಯ ಮೇಲೆ ಮೈನಸ್ ಮೂವತ್ತೆರಡು ಎಂದು ಬರುತ್ತಿತ್ತು. ಲೆಕ್ಕದ ಪ್ರಕಾರ ಆ ಲಾರಿ ತಕ್ಕಡಿಯಿಂದ ಎದ್ದು ಗಾಳಿಯಲ್ಲಿ ತೇಲಿ ಹಂಪಿಯ ಕಡೆ ಹೋಗಬೇಕು. ಹೋಗುತ್ತಿರಲಿಲ್ಲ. ಡ್ರೈವರುಗಳು ಮಾತ್ರ ಚೀಟಿ ಹಿಡಿದು ಬರುತ್ತಿದ್ದರು. “ಅಣ್ಣಾ, ಖಾಲಿ ಲಾರಿಗಿಂತ ತುಂಬಿದ ಲಾರಿ ಹಗುರ ಬಂದೈತಿ. ಅಂದ್ರ ನೀವೇ ನನಗ ಇನ್ನೂ ಅರವತ್ತು ಟನ್ ಮಾಲು ಕೊಡಬೇಕಾತು.”

ಶಂಭುಲಿಂಗ ಮೆಟ್ರಿಕ್ ಆದಮೇಲೆ ಓದಿದ್ದೆಲ್ಲ ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕಿದ್ದೇ. ಆ ವಿದ್ಯೆಯಿಂದಲೇ ದೋಷ ಹುಡುಕಲು ಹೊರಟ. ಇಲ್ಲಿ ಕಂಪೈಲರ್ ಎಂಬುದರ ಬಗ್ಗೆ ಎರಡು ಮಾತು ಹೇಳಬೇಕು. ನನಗೆ ತಿಳಿದಿದ್ದನ್ನೇ ಹೇಳುತ್ತೇನೆ, ಹೆದರಬೇಡಿ. ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ದುಭಾಷಿ ಅದು. ತಿರುಗಿಸುತ್ತಾ ತಿರುಗಿಸುತ್ತಾ ಹಂತಹಂತಕ್ಕೂ ನಿನ್ನ ಹೊಟ್ಟೆಯೊಳಗೆ ಏನಿದೆ ಬರೆದು ತೋರಿಸು ಎಂದು ಅದನ್ನು ಕೇಳಬಹುದು. ಹಾಗೆ ಕೇಳುವುದಕ್ಕೆ ಹಲವಾರು ಆಯ್ಕೆಗಳಿವೆ. ಒಂದೊಂದು ಆಯ್ಕೆಗೂ ಒಂದೊಂದು ಕಡತ ಹೊರಬೀಳುತ್ತದೆ. ಯಾವ ಆಯ್ಕೆಗೆ ಯಾವ ಕಡತ ಎಂದು ತಿಳಿಸಲು ಒಂದು ಕೈಪಿಡಿ ಇದೆ. ಶಂಭುಲಿಂಗ ಇದನ್ನು ಹೆಂಡತಿ ಶೈಲಶ್ರೀಗೆ ವಿವರಿಸಿದಾಗ ಅವಳು ಒಂದೇ ಮಾತಿನಲ್ಲಿ ಮುಗಿಸಿದಳಂತೆ. “ಸಾರು ಕೆಟ್ರ ಯಾವಾಗ ಕೆಡ್ತು ಅಂತ ನೋಡಾಕ ಒಗ್ಗರಣಿ ಹಾಕಿದಾಗೊಮ್ಮೆ, ಕುದ್ದಾಗೊಮ್ಮೆ ಸೌಟಿನಾಗ ತಗದು ಇಟ್ಟಂಗ. ಅಷ್ಟೇ ಹೌದಲ್ರಿ?” ಅಷ್ಟೇ. ದೋಣಿಮಲೈ ಟೌನ್‌ಶಿಪ್ಪಿನಲ್ಲಿ ಬೆಳೆದು ಇಂಗ್ಲಿಷ್ ಶಾಲೆ ಕಲಿತ ಹೆಣ್ಣುಮಗಳು.

ಎಡವಟ್ಟು ಏನೆಂದರೆ, ಕೈಪಿಡಿ ಹಳತಾಗಿತ್ತು. ನೀನು ನೋಡಬೇಕಾದದ್ದು ಐದನೆಯ ಕಡತ ಎಂದು ಅದು ಹೇಳುತ್ತಿತ್ತು. ಅಡುಗೆಯ ಕ್ರಮ ಎಂದೋ ಬದಲಾಗಿ ಅದು ಹದಿನಾಲ್ಕನೆಯ ಕಡತವಾಗಿತ್ತು. ಕೈಪಿಡಿಯನ್ನು ತಿದ್ದುವ ವ್ಯವಧಾನ ಲೋಕದಲ್ಲಿ ಯಾರಿಗೂ ಇರಲಿಲ್ಲ. ಶಂಭುಲಿಂಗ ಹನ್ನೊಂದು ದಿನ ಐದನೆಯ ಕಡತವನ್ನು ಪಾರಾಯಣ ಮಾಡಿದ. ಹನ್ನೆರಡನೆಯ ದಿನ ಹದಿನಾಲ್ಕನೆಯದನ್ನು ಕೈತಪ್ಪಿ ತೆರೆದ. ಅರ್ಧ ಗಂಟೆಯಲ್ಲಿ ದೋಷ ಸಿಕ್ಕಿತು, ಲಾರಿಗಳೆಲ್ಲ ನೆಲಕ್ಕಿಳಿದವು.

ಬೇರೆಯವನಾಗಿದ್ದರೆ ಅಲ್ಲಿಗೆ ಕೈ ತೊಳೆಯುತ್ತಿದ್ದ. ಇವನು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಂತ.

“ಹನುಮಣ್ಣ, ಆ ಕೈಪಿಡಿ ನಾನೇ ತಿದ್ದತೀನಿ.”

“ನಿನಗ್ಯಾಕಲೇ ಆ ಉಸಾಬರಿ?”

“ನಂದು ಹನ್ನೊಂದು ದಿನ ಹೋದ್ವು. ಇನ್ನೊಬ್ಬಾವ ಎಲ್ಲೋ ಕುಂತು ಐದನೇ ಕಡತ ಓದಿಕೋಂತ ಸಾಯಬಾರದು.”

ಮಾತು ದೊಡ್ಡದು, ಒಪ್ಪಿದೆ. ಆದರೆ ಕೈಪಿಡಿಯ ಕೊನೆಯಲ್ಲಿ ಕೊಡುಗೆ ಕೊಟ್ಟವರ ಹೆಸರಿನ ಒಂದು ಪಟ್ಟಿಯೂ ಇತ್ತು. ಅದನ್ನು ಅವನು ನನ್ನಲ್ಲೇ ಜೆರಾಕ್ಸ್ ಮಾಡಿಸಿ, ತನ್ನ ಹೆಸರು ಯಾವ ಎರಡು ಹೆಸರುಗಳ ನಡುವೆ ಕೂರುತ್ತದೆ ಎಂದು ಪೆನ್ಸಿಲ್ಲಿನಿಂದ ಗೆರೆ ಎಳೆದುಕೊಂಡಿದ್ದನ್ನು ನಾನು ನೋಡಿದ್ದೇನೆ. ನೋಡಿಲ್ಲ ಎಂದು ಅವನಿಗೆ ಹೇಳಿದ್ದೇನೆ.

ನಾಲ್ಕು ತಿಂಗಳು ಕೂತು ಆರು ಪುಟ ಬರೆದ. ಇಂಗ್ಲಿಷನ್ನು ಶೈಲಶ್ರೀ ತಿದ್ದಿದಳು. ಪುಕ್ಕಟೆಯಾಗಿ ಹಂಚುವ ಆ ಕಂಪೈಲರನ್ನು ಅಮೆರಿಕದಲ್ಲಿ ಕೂತು ನೋಡಿಕೊಳ್ಳುವ ಹಿರಿಯರೊಬ್ಬರಿಗೆ ಇಮೇಲ್ ಹೋಯಿತು. ಅವರ ಉತ್ತರವೂ ಬಂತು. ತಿದ್ದುಪಡಿ ಸೊಗಸಾಗಿದೆ, ಆದರೆ ಇಷ್ಟು ದೊಡ್ಡ ಬರಹವಾದ್ದರಿಂದ ಇದರ ಹಕ್ಕನ್ನು ನಮ್ಮ ಸಂಸ್ಥೆಗೆ ಬಿಟ್ಟುಕೊಟ್ಟಿದ್ದೇನೆ ಎಂದು ನೀವು ಸಹಿ ಹಾಕಬೇಕು, ನಿಮಗೆ ಕೆಲಸ ಕೊಟ್ಟವರು ಇದರಲ್ಲಿ ತಮ್ಮದೇನೂ ಇಲ್ಲವೆಂದು ಬರೆದುಕೊಡಬೇಕು, ಬೇರೆ ಹಕ್ಕುದಾರರಿದ್ದರೆ ಅವರ ಹೆಸರೂ ಸಹಿಯೂ ಬೇಕು. ಈ ತಿಂಗಳ ಮೂವತ್ತರೊಳಗೆ ಕಾಗದ ಕೈಸೇರಿದರೆ ಹೊಸ ಆವೃತ್ತಿಯ ಕೈಪಿಡಿಗೆ ನಿಮ್ಮ ಪುಟಗಳು ಸೇರುತ್ತವೆ.

ಕಾಗದ ಅಂಚೆಯಲ್ಲಿ ಬಂತು. ನಮ್ಮ ಪೋಸ್ಟ್‌ಮನ್ ಪಾಲಪ್ಪನಿಗೆ ಸರ್ವೀಸಿನಲ್ಲಿ ಅದು ಮೊದಲ ಅಮೆರಿಕದ ಲಕೋಟೆ. ಸೈಕಲ್ ಇಳಿಯುವ ಮೊದಲೇ ಶುರುಮಾಡಿದ.

“ಶಂಭುಲಿಂಗಪ್ಪಗ ಅಮೆರಿಕಾದಿಂದ ರಿಜಿಸ್ಟರ್ ಬಂದೈತ್ರೀ! ದಪ್ಪ ಐತ್ರೀ! ಅಗ್ರಿಮೆಂಟ್ ಇದ್ದಂಗೈತ್ರೀ!”

ತಾಲೂಕು ಕಚೇರಿಯ ಎದುರಿನ ಬೀದಿಯಲ್ಲಿ ಅಗ್ರಿಮೆಂಟ್ ಎಂಬ ಮಾತನ್ನು ಕೂಗಿ ಹೇಳಬಾರದು. ಚಹಾದ ಗ್ಲಾಸುಗಳು ಅರ್ಧಕ್ಕೇ ನಿಂತವು. ಎದುರಿನ ಬೇವಿನ ಮರದ ಕೆಳಗೆ ಮೂವತ್ತು ವರ್ಷದಿಂದ ಕ್ರಯಪತ್ರ, ವಿಭಾಗಪತ್ರ ಬರೆಯುತ್ತಾ ಬಂದಿರುವ ಕೊಟ್ರಯ್ಯನವರು ಮೇಜು ಬಿಟ್ಟು ಎದ್ದರು. ಅವರು ಎದ್ದರೆಂದರೆ ಕನಿಷ್ಠ ಎರಡೆಕರೆಯ ವ್ಯವಹಾರ ಎಂದೇ ಲೆಕ್ಕ.

ಶಂಭುಲಿಂಗ ಲಕೋಟೆ ಒಡೆಯುವುದರೊಳಗೆ ಕನ್ನಡಕ ಏರಿಸಿದ ಕೊಟ್ರಯ್ಯನವರು ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡಾಗಿತ್ತು. ಅವರಿಗೆ ಪತ್ರಗಳ ಇಂಗ್ಲಿಷ್ ಬರುತ್ತದೆ, ಬೇರೆ ಇಂಗ್ಲಿಷ್ ಬರುವುದಿಲ್ಲ. ಯಾವ ಪತ್ರದಲ್ಲೂ ಮೂರನೆಯ ಕಲಮಿನಾಚೆ ಓದುವ ಅಭ್ಯಾಸವೂ ಇಲ್ಲ. ಸಾರವೆಲ್ಲ ಮೊದಲ ಮೂರರಲ್ಲೇ ಇರುತ್ತದೆಂಬುದು ಅವರ ಸಿದ್ಧಾಂತ.

“ಸಮಸ್ತ ಹಕ್ಕು, ಅಧಿಕಾರ, ಹಿತಾಸಕ್ತಿ... ಪ್ರಪಂಚದಾದ್ಯಂತ... ಕಾಯಂ ಆಗಿ...” ಎಂದು ಓದಿ ಕನ್ನಡಕ ತೆಗೆದರು. “ಎಪ್ಪಾ ಶಂಭುಲಿಂಗ, ಏನೋ ಮಾರಾಕ ಹತ್ತೀಯಲ್ಲೋ!”

“ಏನಿಲ್ರಿ ಅಯ್ಯನೋರೆ. ಆರು ಪುಟ. ಕಂಪೈಲರ್ ತನ್ನ ಹೊಟ್ಯಾಗಿಂದು ಬರದು ತೋರಸ್ತೈತಲ್ರಿ, ಅದಕ್ಕ ಆಯ್ಕೆ ಯಾವ್ಯಾವು ಅಂತ...”

“ಅದು ಇರಲಿ. ಆಸ್ತಿ ಸ್ವಯಾರ್ಜಿತನೋ ಪಿತ್ರಾರ್ಜಿತನೋ?”

ಶಂಭುಲಿಂಗ ಸುಮ್ಮನೆ ಸ್ವಯಾರ್ಜಿತ ಅಂದಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಪ್ರಾಮಾಣಿಕನಿಗೆ ಉತ್ತರ ಕೊಡುವ ಮೊದಲು ಯೋಚಿಸುವ ಚಟ ಇರುತ್ತದೆ. ಅವನು ಯೋಚಿಸಿದ.

“ಬರದದ್ದು ನಾನ್ರಿ. ಕಂಪ್ಯೂಟರ್ ಮಾತ್ರ ಕಂಪ್ಲಿ ಗದ್ದಿ ಭತ್ತ ಮಾರಿದಾಗ ಅಣ್ಣ ಕೊಡಿಸಿದ್ದು.”

ಕೊಟ್ರಯ್ಯನವರು ಬೇವಿನ ಮರವನ್ನೇ ಸಾಕ್ಷಿ ಕರೆಯುವವರಂತೆ ಮೇಲೆ ನೋಡಿದರು. “ಎತ್ತು ಕೂಡುಮನಿದು, ಹೊಲ ಕೂಡುಮನಿದು. ಬೆಳಿ ಒಬ್ಬಂದು ಹೆಂಗಾದೀತು? ನಿನ್ನ ಅಣ್ಣಂದು ಒಪ್ಪಿಗಿ ಬೇಕು. ನಿಮ್ಮವ್ವಂದೂ ಬೇಕು. ಬರಿ ಹೆಸರು.”

ಬೇರೆ ಹಕ್ಕುದಾರರು ಎಂಬ ಖಾನೆಯಲ್ಲಿ ಶಂಭುಲಿಂಗ ತನ್ನ ಕೈಯಾರೆ, ನನ್ನ ಪೆನ್ನಿನಿಂದ, ಅಣ್ಣ ಹಂಪೇಶನ ಹೆಸರನ್ನೂ ತಾಯಿ ಮರುಳಸಿದ್ದಮ್ಮನ ಹೆಸರನ್ನೂ ಬರೆದ. ಆ ಪೆನ್ನನ್ನು ನಾನು ಆಮೇಲೆ ಬಳಸಲಿಲ್ಲ.

ಮೊದಲು ಎರ್ರೆಪ್ಪ ಸಾಹುಕಾರರ ಸಹಿ ಮುಗಿಸಿಬಿಡೋಣ ಎಂದು ಮರುದಿನ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದ. ಸಾಹುಕಾರರು ವೇ-ಬ್ರಿಡ್ಜಿನ ಶೆಡ್ಡಿನಲ್ಲಿ ಕೂತು ಕಲ್ಲಂಗಡಿ ಹಣ್ಣು ತಿನ್ನುತ್ತಿದ್ದರು.

“ಏನಿದು?”

“ಸಾವ್ಕಾರ್ರೆ, ಇದರಾಗ ನಂದೇನೂ ಇಲ್ಲ ಅಂತ ಒಂದು ಸೈನ್ ಹಾಕಬೇಕ್ರಿ.”

ಸಾಹುಕಾರರು ಬಾಯಲ್ಲಿದ್ದ ಬೀಜವನ್ನು ಉಗಿಯಲಿಲ್ಲ. “ಯಾವುದರಾಗ?”

“ನಾ ಬರದ ಆರು ಪುಟದಾಗ.”

“ನಂದು ಏನೂ ಇಲ್ಲ ಅನ್ನಾದು ನಿಜ ಇದ್ರ ಬರದು ಯಾಕ ಕೊಡಬೇಕು?”

“ಅವರು ಕೇಳ್ಯಾರ್ರಿ.”

“ಅಮೆರಿಕಾದವರು?”

“ಹೂನ್ರಿ.”

ಆಗ ಬೀಜ ಉಗಿದರು. “ಸತ್ತ ಎಮ್ಮಿ ನಂದಲ್ಲ ಅಂತ ಬರದುಕೊಡು ಅಂತ ಯಾವನಾದ್ರೂ ರಿಜಿಸ್ಟರ್ ಮಾಡಿ ಕೇಳ್ತಾನೇನಲೇ? ಹಾಲು ಕೊಡೋ ಎಮ್ಮಿಗೆ ಮಾತ್ರ ಕೇಳ್ತಾನ. ಕುರೆಕುಪ್ಪದ ಹತ್ರ ನಂದೊಂದು ಕಲ್ಲುಗುಂಡಿನ ಹೊಲ ಇತ್ತು. ಕುರಿ ಸೈತ ಮೇಯ್ತಿದ್ದಿಲ್ಲ. ಇದರಾಗ ನಂದೇನಿಲ್ಲ ಅಂತ ಬರದುಕೊಟ್ಟೆ. ಈಗ ಅದರಾಗ ಮೂರು ಜೆಸಿಬಿ ಅದಾವು! ಒಮ್ಮಿ ಬರದುಕೊಟ್ಟು ತಿಂದೀನಿ, ಮತ್ತೊಮ್ಮಿ ತಿನ್ನಂಗಿಲ್ಲ.”

“ಇದು ಪುಕ್ಕಟೆ ಹಂಚೋದ್ರಿ ಸಾವ್ಕಾರ್ರೆ. ಯಾರಿಗೂ ಏನೂ ಸಿಗಂಗಿಲ್ಲ.”

“ಹಂಗಾದ್ರ ಅವರಿಗೆ ಯಾಕ ಬೇಕದು?”

ಈ ಪ್ರಶ್ನೆಗೆ ಶಂಭುಲಿಂಗನಲ್ಲಿ ಉತ್ತರವಿತ್ತು. ಲೋಕಕಲ್ಯಾಣ, ಹಂಚಿ ಉಣ್ಣುವುದು, ಇನ್ನೊಬ್ಬನ ಹನ್ನೊಂದು ದಿನ. ಮುಕ್ಕಾಲು ಗಂಟೆ ಹೇಳಿದ. ಹೊರಗೆ ಒಂಬತ್ತು ಲಾರಿ ಹಾರ್ನ್ ಹೊಡೆಯುತ್ತಾ ನಿಂತವು. ಸಾಹುಕಾರರು ಎಲ್ಲವನ್ನೂ ಕೇಳಿಸಿಕೊಂಡು, ಕೈ ತೊಳೆದುಕೊಂಡು ಹೇಳಿದರು. “ನನ್ನ ಕುರ್ಚಿ ಮ್ಯಾಲೆ ಕುಂತು ಬರದೀಯಿ. ನನ್ನ ಫ್ಯಾನಿನ ಗಾಳಿ ಕುಡದೀಯಿ. ನನಗೊಂದು ಪಾಲು ಇಡು, ಆಮ್ಯಾಲೆ ಮಾತಾಡಾಣು.”

ಅಂದಿಗೆ ತಾರೀಕು ಹದಿಮೂರು. ಕೊರಿಯರಿನವನು ಐದು ದಿನ ಬೇಕು ಎಂದಿದ್ದ. ಅಂದರೆ ಇಪ್ಪತ್ತೈದಕ್ಕೆ ಕಾಗದ ಹೊಸಪೇಟೆ ಬಿಡಬೇಕು.

ಸುದ್ದಿ ಕಂಪ್ಲಿಗೆ ಹೋಗಲು ಯಾರೂ ಬಸ್ಸು ಹತ್ತಬೇಕಾಗಲಿಲ್ಲ. ಬಂದ ಭಾನುವಾರ ಬೆಳಿಗ್ಗೆ ಹಂಪೇಶ ತಾಯಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ತಮ್ಮನ ಮನೆ ಮುಂದೆ ಇಳಿದ. ಹಂಪೇಶನಿಗೆ ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಗಿರಣಿ ಬೋರಾಗಿ ಅವನೂ ಎರಡು ಲಾರಿ ಇಟ್ಟಿದ್ದ. ಪಂಚರಾಗಿ ಕೊಟ್ರಯ್ಯನವರನ್ನೂ, ಜೆರಾಕ್ಸ್ ಬೇಕಾದೀತೆಂದು ನನ್ನನ್ನೂ ಕರೆಸಲಾಯಿತು. ಶೈಲಶ್ರೀ ಚಾಪೆ ಹಾಸಿ, ಮಂಡಕ್ಕಿ ಒಗ್ಗರಣೆ ಇಟ್ಟು, ಒಳಗಿನ ಬಾಗಿಲಿಗೆ ಒರಗಿ ನಿಂತಳು.

“ತಮ್ಮಾ,” ಎಂದು ಹಂಪೇಶ ಶುರುಮಾಡಿದ, “ನಿನಗ ಅಣ್ಣ ಬ್ಯಾಡಾದ್ನೇನು?”

“ಅಣ್ಣಾ, ಅದು ಹಂಗಲ್ಲ...”

“ಅಮೆರಿಕಾದವರು ಬಂದ್ರು ಅಂತ ಪೋಸ್ಟ್‌ಮನ್ ಬಾಯಿಂದ ಕೇಳಬೇಕಾತಲ್ಲ ನಾನು! ಇರಲಿ. ಭಾಗ ಮಾಡು. ಯಾವ ಪುಟದಾಗ ಮಾಲು ಐತಿ?”

“ಮಾಲು ಅಂದ್ರ?”

“ಛಲೋ ಗ್ರೇಡಿಂದು ಯಾವುದು ಅಂತ.”

ಶಂಭುಲಿಂಗ ಇಲ್ಲೂ ಯೋಚಿಸಿದ. “ಎರಡನೇ ಪುಟ ಭಾಳ ಮುಖ್ಯ ಅಣ್ಣಾ. ಯಾವ ಆಯ್ಕೆಗೆ ಯಾವ ಕಡತ ಅನ್ನೋ ಪಟ್ಟಿ ಅದರಾಗೇ ಐತಿ.”

“ಅದು ನಂದು,” ಅಂದ ಹಂಪೇಶ.

ಕೊಟ್ರಯ್ಯನವರು ಮಧ್ಯೆ ಬಂದರು. ಹಾಗೆಲ್ಲ ಬಾಯಿಮಾತಿನಲ್ಲಿ ಆಗುವುದಿಲ್ಲ, ಬರೆಯಬೇಕು. ಬರೆಯಬೇಕೆಂದರೆ ಚಕ್ಕುಬಂದಿ ಬೇಕು. ಆಸ್ತಿಯ ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ವಿವರವಿಲ್ಲದೆ ಅವರು ಮೂವತ್ತು ವರ್ಷದಲ್ಲಿ ಒಂದು ಹಿತ್ತಲನ್ನೂ ಬರೆದವರಲ್ಲ. ಛಾಪಾ ಕಾಗದ ಹಾಸಿ, ಪೆನ್ನಿನ ಟೋಪಿ ತೆಗೆದರು.

“ಹೇಳು. ಪೂರ್ವಕ್ಕ ಏನೈತಿ?”

ಶಂಭುಲಿಂಗ ಗೋಡೆಯನ್ನು ನೋಡಿದ, ಹೆಂಡತಿಯನ್ನು ನೋಡಿದ, ನನ್ನನ್ನು ನೋಡಿದ. “ಪೂರ್ವಕ್ಕ... ಪ್ರೋಗ್ರಾಮಿನ ವೇಗ ಹೆಚ್ಚಿಸೋ ಅಧ್ಯಾಯ ಐತ್ರಿ.”

“ಅದು ಯಾರ ಸ್ವಾಧೀನದಾಗ ಐತಿ?”

“ಜರ್ಮನಿಯಾವನೊಬ್ಬಾವ ನೋಡ್ಕೋತಾನ್ರಿ.”

“ಪೂರ್ವಕ್ಕೆ ಜರ್ಮನಿಯವರ ಬಾಬ್ತು,” ಎಂದು ಬರೆದರು. “ಪಶ್ಚಿಮಕ್ಕ?”

“ಬ್ಯಾರೆ ಬ್ಯಾರೆ ತುಣುಕು ಜೋಡಿಸೋ ಅಧ್ಯಾಯ.”

“ಉತ್ತರಕ್ಕ?”

“ಪದಗಳ ಸೂಚಿ.”

“ದಕ್ಷಿಣಕ್ಕ?”

“ಏನಿಲ್ರಿ. ಖಾಲಿ ಪುಟ.”

“ಖಾಲಿ ಅಂತ ಏನೂ ಇರಂಗಿಲ್ಲಪ. ಸರಕಾರಿ ಖರಾಬು ಅಂತ ಬರೀತೀನಿ. ತಿರಗ್ಯಾಡಾಕ ದಾರಿ ಬೇಕಲ್ಲ?”

ಹೀಗೆ ಕಂಪೈಲರ್ ಒಂದರ ಕೈಪಿಡಿಗೆ ಪ್ರಪಂಚದಲ್ಲೇ ಮೊದಲ ಬಾರಿಗೆ ಚಕ್ಕುಬಂದಿ ನಿಶ್ಚಯವಾಯಿತು. ಆಮೇಲೆ ಭಾಗ. ಮೊದಲೆರಡೂವರೆ ಪುಟ ಹಿರಿಯನಿಗೆ, ಅಲ್ಲಿಂದ ಐದನೆಯ ಪುಟದ ಕೊನೆಯವರೆಗೆ ಕಿರಿಯನಿಗೆ. ಮೂರನೆಯ ಪುಟದ ಮಧ್ಯೆ ಕೊಟ್ರಯ್ಯನವರು ಅಡಿಕೋಲು ಇಟ್ಟು ಗೆರೆ ಎಳೆದಾಗ ಒಂದು ವಾಕ್ಯ ಎರಡು ತುಂಡಾಯಿತು. ‘ಕಡತ ಸಿಗದಿದ್ದರೆ’ ಎಂಬುದು ಅಣ್ಣನಿಗೆ ಹೋಯಿತು, ‘ಎಲ್ಲಿ ಹುಡುಕಬೇಕು’ ಎಂಬುದು ತಮ್ಮನಿಗೆ ಉಳಿಯಿತು. ಶಂಭುಲಿಂಗ ಆ ಗೆರೆಯನ್ನು ನೋಡಿದ ರೀತಿಯನ್ನು ನಾನು ಬರೆಯಲಾರೆ. ನಾಲ್ಕು ತಿಂಗಳು ಕಷ್ಟಪಟ್ಟದ್ದು ಆ ವಾಕ್ಯಕ್ಕೇ ಅಂತೆ.

“ಅಮ್ಮಾರಿಗೆ?” ಎಂದರು ಕೊಟ್ರಯ್ಯನವರು.

ಮರುಳಸಿದ್ದಮ್ಮ ಅಷ್ಟು ಹೊತ್ತೂ ಆ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಅಂಗೈಯಿಂದ ಸವರುತ್ತಾ ಕೂತಿದ್ದರು. ಓದು ಬಾರದ ಜೀವ. “ನನಗೇನೂ ಬ್ಯಾಡಪ್ಪ. ಕೊನೀ ಪುಟ ಒಂದು ನನ್ನ ಜೀವನಾಂಶಕ್ಕಿರಲಿ.”

ಆರನೆಯ ಪುಟ ತಾಯಿಯ ಜೀವನಾಂಶಕ್ಕೆ ಬರೆಯಲಾಯಿತು. ನಾನು ಸಾಕ್ಷಿ.

“ಆತಲ್ಲ ಅಣ್ಣಾ,” ಎಂದ ಶಂಭುಲಿಂಗ. “ಇನ್ನ ನಿನ್ನ ಭಾಗ ಬಿಟ್ಟುಕೊಟ್ಟೀನಿ ಅಂತ ಅಮೆರಿಕಾದ ಕಾಗದಕ್ಕ ಸೈನ್ ಹಾಕು. ಇಪ್ಪತ್ತೈದಕ್ಕ ಕಳಿಸಬೇಕು.”

ಹಂಪೇಶ ನಗುತ್ತಾ ಮಂಡಕ್ಕಿ ಬಾಯಿಗೆ ಎಸೆದುಕೊಂಡ. “ಹುಚ್ಚಪ್ಪ! ಈಗ್ಯಾವನು ಕೊಡ್ತಾನ? ಬರೋ ವರ್ಷ ಚೀನಾದಾಗ ಒಲಿಂಪಿಕ್ ಐತಿ. ರೇಟು ಹೆಂಗ ಏರಾಕ ಹತ್ತೈತಿ ನೋಡು. ತಡಿ, ಕಾಯಾಣು.”

“ಅಣ್ಣಾ, ಇದಕ್ಕ ರೇಟೇ ಇಲ್ಲ! ಪುಕ್ಕಟೆ!”

“ಪುಕ್ಕಟೆ ಅಂತ ಹೇಳಿಕೋಂತ ಬಂದಾವ್ರೇ ಇಡೀ ಗುಡ್ಡ ತಗೊಂಡು ಹೋಗ್ಯಾರ ತಮ್ಮಾ,” ಎಂದು ಜೀಪು ಹತ್ತಿದ.

ಮುಂದಿನ ದಿನಗಳಲ್ಲಿ ಶಂಭುಲಿಂಗ ಊಟದ ಬಿಡುವಿನಲ್ಲಿ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದ. ಗಡ್ಡ ಬಿಟ್ಟಿದ್ದ. ಬೀದಿಯಲ್ಲಿ ಅವನ ಬೆಲೆ ಮಾತ್ರ ಏರುತ್ತಲೇ ಹೋಯಿತು. ಅಪರಿಚಿತರು ಅವನಿಗೆ ಚಹಾ ತರಿಸುತ್ತಿದ್ದರು. ಒಬ್ಬರು ತಮ್ಮ ಹೊಲದ ಕೆಂಪು ಮಣ್ಣನ್ನು ಚೀಟಿಯಲ್ಲಿ ಕಟ್ಟಿಕೊಂಡು ಬಂದು, “ನಿಮ್ಮ ಅಮೆರಿಕಾದವರಿಗೆ ಇದೊಂದೀಟು ತೋರಿಸ್ರಿ” ಎಂದು ಕೈಗಿಟ್ಟರು. ಪಾಲಪ್ಪ ದಿನಾ ಸೈಕಲ್ ನಿಲ್ಲಿಸಿ, “ಎರಡನೇ ಕಂತು ಯಾವಾಗ ಬರ್ತದ್ರಿ?” ಎಂದು ವಿಚಾರಿಸುತ್ತಿದ್ದ. ಶಂಭುಲಿಂಗ ಮಣ್ಣಿನ ಚೀಟಿಯನ್ನು ಮಾತ್ರ ಜೋಪಾನವಾಗಿ ಜೇಬಿಗಿಟ್ಟುಕೊಂಡ. ಇನ್ನೊಬ್ಬರ ವಸ್ತುವಲ್ಲವೇ.

ಆ ಆರು ಪುಟವನ್ನು ನಾನು ಅಷ್ಟು ದಿನದಲ್ಲಿ ನಲವತ್ತು ಪ್ರತಿ ತೆಗೆದೆ. ಸಾಹುಕಾರರ ವಕೀಲರಿಗೆ, ಹಂಪೇಶನ ಬೀಗರಿಗೆ, ಅವರ ಪರಿಚಯದ ಯಾರಿಗೋ. ಪ್ರಪಂಚದಲ್ಲಿ ಅವನ್ನು ಅತಿ ಹೆಚ್ಚು ಸಲ ನೋಡಿದವನು ನಾನೇ. ಆ ನಲವತ್ತನ್ನು ಓದಿದವರು ಒಬ್ಬರೂ ಇಲ್ಲ.

ಇಪ್ಪತ್ತಮೂರನೆಯ ತಾರೀಕು ಬೆಳಿಗ್ಗೆ ಶೈಲಶ್ರೀ ಅಂಗಡಿಗೆ ಬಂದಳು. ಕೈಯಲ್ಲಿ ಅಮೆರಿಕದ ಕಾಗದ, ಹಿಂದೆ ಶಂಭುಲಿಂಗ.

“ಹನುಮಣ್ಣಾರೆ, ಭಾವ ಬಂದಾರಲ್ಲ, ಸಾವ್ಕಾರ್ರನ್ನೂ ಕರಿಸ್ರಿ. ಅಯ್ಯನೋರು ಇಲ್ಲೇ ಅದಾರ. ಎಲ್ಲರ ಪಾಲೂ ಕಾಯಂ ಮಾಡಿಬಿಡಾಣು.”

ಪಾಲು ಕಾಯಂ ಎಂದಮೇಲೆ ಸಾಹುಕಾರರು ಲುಂಗಿಯಲ್ಲೇ ಬಂದರು. ರೇಟು ವಿಚಾರಿಸಲು ಊರಿಗೆ ಬಂದಿದ್ದ ಹಂಪೇಶ ಮುಂದೆಯೇ ಕುರ್ಚಿ ಹಾಕಿಕೊಂಡ. ಶೈಲಶ್ರೀ ಎಲ್ಲರಿಗೂ ಕೇಳುವಂತೆ ಹೇಳಿದಳು.

“ಅಯ್ಯನೋರು ಮೂರನೇ ಕಲಂ ತನಕ ಓದ್ಯಾರ. ನಾ ನಾಕನೇದು ಓದಿದೆ. ಈ ಬರಹದಾಗ ಯಾರ ಹಕ್ಕು ಐತೋ, ಅದರ ಬಗ್ಗೆ ಏನು ತಕರಾರು ಬಂದ್ರೂ ಅವರೇ ಹೊಣೆ ಅಂತೈತಿ. ಈಗ ಎಲ್ಲರೂ ಪಾಲುದಾರರು. ನಿಮ್ಮ ಪೂರ್ತಿ ಹೆಸರು, ಮನಿ ವಿಳಾಸ, ರೇಷನ್ ಕಾರ್ಡ್ ನಂಬರ್ ಹೇಳ್ರಿ. ಬರದು ಕಳಿಸಿಬಿಡ್ತೀನಿ.”

ಹಂಪೇಶ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡ.

“ತಕರಾರು ಅಂದ್ರ?” ಎಂದರು ಸಾಹುಕಾರರು.

“ಈಗಿರೋ ಕೈಪಿಡಿ ತಪ್ಪಿತ್ತಂತ ನಮ್ಮನಿಯಾವ್ರದು ಹನ್ನೊಂದು ದಿನ ಹೋದ್ವಲ್ರಿ. ಅದನ್ನ ಪ್ರಪಂಚದಾಗ ಎಷ್ಟು ಸಾವಿರ ಮಂದಿ ಓದ್ತಾರೋ. ಒಬ್ಬೊಬ್ಬರೂ ಹನ್ನೊಂದು ದಿನದ ಲೆಕ್ಕ ಹಿಡಕೊಂಡು ಬಂದ್ರ...”

ವಾಕ್ಯ ಮುಗಿಯಲಿಲ್ಲ.

“ಹನುಮಣ್ಣ, ಪೆನ್ನು ಕೊಡ್ರಿ!” ಎಂದರು ಸಾಹುಕಾರರು. “ನನಗೂ ಇದಕ್ಕೂ ಯಾವ ಸಂಬಂಧನೂ ಇಲ್ಲ. ಅವ ನನ್ನ ಕುರ್ಚಿ ಮ್ಯಾಲೆ ಕುಂತೇ ಇಲ್ಲ. ಆ ಫ್ಯಾನು ಕೆಟ್ಟೈತಿ, ಮೂರು ವರ್ಷಾತು!”

“ನಾ ಕಂಪ್ಯೂಟರ್ ಕೊಡಿಸೇ ಇಲ್ಲ,” ಎಂದ ಹಂಪೇಶ. “ತಮ್ಮಾ, ಎರಡನೇ ಪುಟ ನಿಂದಪ್ಪ. ನೀ ದುಡದೀಯಿ, ನೀನೇ ತಿನ್ನು. ಅಣ್ಣ ತಮ್ಮರ ನಡುವ ಎಂಥಾ ಭಾಗ!”

ಹತ್ತು ನಿಮಿಷದಲ್ಲಿ ಎರಡು ಸಹಿ, ನಾಲ್ಕು ಸಾಕ್ಷಿ, ಮೊಹರು ಎಲ್ಲ ಆಯಿತು. ಕೊಟ್ರಯ್ಯನವರು ವಿಭಾಗಪತ್ರದಿಂದ ಪತ್ರ ಬರೆದವರೆಂದು ಇದ್ದ ತಮ್ಮ ಹೆಸರನ್ನು ಬ್ಲೇಡಿನಿಂದ ಕೆರೆದರು. ಶಂಭುಲಿಂಗನ ಮುಖದ ಮೇಲೆ ಹತ್ತು ದಿನಗಳ ನಂತರ ನಗು ಕಾಣಿಸಿತು. ಎರಡು ದಿನ ಇನ್ನೂ ಬಾಕಿ. ಉಳಿದದ್ದು ತಾಯಿಯ ಹೆಬ್ಬೆಟ್ಟು ಒಂದೇ.

ಅವನು ಕಂಪ್ಲಿ ಬಸ್ಸು ಹತ್ತುವ ಮೊದಲೇ ಹಂಪೇಶ ಜೀಪಿನಲ್ಲಿ ಹೋಗಿ ತಾಯಿಗೆ ಎಲ್ಲ ಹೇಳಿ ಹೆದರಿಸಲು ನೋಡಿದ್ದ. ಮರುಳಸಿದ್ದಮ್ಮ ಹೆದರಲಿಲ್ಲ. ಅದೇ ದೊಡ್ಡ ಅನಾಹುತ.

“ನಾ ಬಿಡಂಗಿಲ್ಲ,” ಎಂದರಂತೆ. “ಎಲ್ಲರೂ ಕೈ ಬಿಟ್ರಂತಲ್ಲ. ನನ್ನ ಮಗ ಕಣ್ಣು ಕೆಂಪು ಮಾಡ್ಕೊಂಡು ಬರದಾನ. ತಪ್ಪಿದ್ರ ಬರಲಿ ಅಮೆರಿಕಾದವರು, ಕಟ್ಟಿ ಮ್ಯಾಲೆ ಕುಂದ್ರಿಸಿ ನಾ ಮಾತಾಡ್ತೀನಿ. ನನ್ನ ಪುಟಕ್ಕ ನಾನೇ ಹೊಣಿ.”

“ಯವ್ವಾ, ನೀ ಬಿಟ್ರನ ಅದು ಪುಸ್ತಕದಾಗ ಬರ್ತೈತಿ,” ಎಂದನಂತೆ ಬಸ್ಸಿಳಿದು ಬಂದ ಶಂಭುಲಿಂಗ.

“ಬಿಟ್ಟದ್ದು ಯಾವತ್ತು ವಾಪಸ್ ಬಂದೈತಲೇ? ನಿಮ್ಮಪ್ಪ ಬಿಟ್ಟುಕೊಟ್ಟ ಹೊಲ ಬಂತಾ?”

ಇಪ್ಪತ್ತನಾಲ್ಕು ಹೋಯಿತು. ಇಪ್ಪತ್ತೈದು ಹೋಯಿತು. ಅತ್ತೆಯ ಹೆಸರು ಹೊಡೆದುಹಾಕಿ ಕಳಿಸಿಬಿಡ್ರಿ, ಅಮೆರಿಕದವರು ಅದನ್ನು ಕೇಳಿಯೇ ಇಲ್ಲ ಎಂದು ಶೈಲಶ್ರೀ ಫೋನಿನಲ್ಲಿ ಬೇಡಿಕೊಂಡಳು. “ಅವ್ವನ ಹೆಸರು ನಾ ಹೆಂಗ ಹೊಡೀಲೇ?” ಎಂದು ಶಂಭುಲಿಂಗ ಕಂಪ್ಲಿಯ ಕಟ್ಟೆಯ ಮೇಲೇ ಕೂತ. ಇಪ್ಪತ್ತೆಂಟರ ಮಧ್ಯಾಹ್ನ ತಾಯಿಯೇ ಸೋತರು. ಮಗನ ಗಡ್ಡ ನೋಡಲಾರದೆ ಹೆಬ್ಬೆಟ್ಟು ಒತ್ತಿದರು. ಷರತ್ತು ಒಂದೇ. ಆರನೆಯ ಪುಟದ ಒಂದು ಪ್ರತಿ ದೇವರ ಗೂಡಿನಲ್ಲಿ ವಿಭೂತಿ ಉಂಡೆಯ ಕೆಳಗೆ ಇರುತ್ತದೆ.

ಕಾಗದ ಮೂರು ದಿನ ತಡವಾಗಿ ಮುಟ್ಟಿತು.

ಉತ್ತರ ಬಂದ ದಿನ ಶಂಭುಲಿಂಗ ಅಂಗಡಿಗೆ ಬರಲಿಲ್ಲ. ಊಟದ ಹೊತ್ತಿಗೆ ನಾನೇ ಮೊಪೆಡ್ ಹತ್ತಿ ವೇ-ಬ್ರಿಡ್ಜಿಗೆ ಹೋದೆ. ಬುತ್ತಿ ತಂದಿದ್ದ ಶೈಲಶ್ರೀಯೂ ಅಲ್ಲಿದ್ದಳು. ಬುತ್ತಿ ಹಾಗೇ ಇತ್ತು.

“ಏನು ಬರದಾರ?” ಎಂದೆ.

ಶೈಲಶ್ರೀ ಪರದೆಯನ್ನು ನೋಡಿ ಮೆಲ್ಲಗೆ ಹೇಳಿದಳು. ಕಾಗದಗಳೆಲ್ಲ ಸರಿಯಾಗಿವೆ, ಇಷ್ಟು ಅಚ್ಚುಕಟ್ಟಾದ ಸಹಿ ಸಾಕ್ಷಿಗಳನ್ನು ಕಂಡೇ ಇಲ್ಲ ಎಂದು ಹಿರಿಯರು ಮೆಚ್ಚಿದ್ದರು. ಆದರೆ ಆವೃತ್ತಿ ಮುಚ್ಚಿಹೋಯಿತು. ಮುಂದಿನ ಆವೃತ್ತಿಯಲ್ಲಿ ಆ ಆಯ್ಕೆಗಳೇ ಇರುವುದಿಲ್ಲ, ಎಲ್ಲವನ್ನೂ ತೆಗೆದು ಬೇರೆ ಮಾಡುತ್ತಿದ್ದಾರೆ. ಆದ್ದರಿಂದ ಕೈಪಿಡಿಯಲ್ಲಿ ಆ ವಿಭಾಗವನ್ನು ಪೂರ್ತಿ ಅಳಿಸಬೇಕು. ಆ ವಿಭಾಗವನ್ನು ನಿಮ್ಮಷ್ಟು ಬಲ್ಲವರು ಬೇರಾರೂ ಇಲ್ಲ, ದಯವಿಟ್ಟು ನೀವೇ ಅಳಿಸಿಕೊಡಿ.

“ಅಳಿಸಿದೆ,” ಎಂದ ಶಂಭುಲಿಂಗ. “ಬೆಳಿಗ್ಗೇನ ಕಳಿಸಿದೆ. ಆಗಲೇ ಸೇರಿಸ್ಯಾರ. ಒಂದು ಗಂಟಿ ಸೈತ ಹಿಡೀಲಿಲ್ಲ.”

“ಹೆಸರು ಬಂತೇನೋ, ಪಟ್ಟ್ಯಾಗ?”

“ಅಳಿಸಿದಾವ್ರ ಹೆಸರು ಪಟ್ಟ್ಯಾಗ ಹಾಕಂಗಿಲ್ಲಂತ ಹನುಮಣ್ಣ.”

ಹೊರಗೆ ಲಾರಿ ಬಂದು ತಕ್ಕಡಿಯ ಮೇಲೆ ನಿಂತಿತು. ಅವನು ಗುಂಡಿ ಒತ್ತಿದ. ತೂಕ ಸರಿಯಾಗಿ ಬಂತು. ಚೀಟಿ ಹರಿದು ಕೊಟ್ಟ. ಕಿಟಕಿಯಾಚೆ ಗುಡ್ಡ ಮೂರನೆಯ ಸರಳಿಗಿಂತ ಕೆಳಗಿತ್ತು.

ಶೈಲಶ್ರೀ ಬುತ್ತಿಯ ಗಂಟು ಬಿಚ್ಚುತ್ತಾ, ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದಳು. “ಈ ಅಳಿಸಾಕ ಮತ್ತ ಯಾರ್ಯಾರ ಸೈನು ಕೇಳಿದ್ರು? ಸಾವ್ಕಾರ್ರದು, ಭಾವಂದು, ಅತ್ತೆವ್ರದು, ಎಲ್ಲಾ ಮೊದ್ಲಿಂದ ಬೇಕಾತೇನು?”

ಶಂಭುಲಿಂಗ ಗುಡ್ಡದ ಕಡೆಯಿಂದ ಮುಖ ತಿರುಗಿಸಲಿಲ್ಲ.

“ಇಲ್ಲ. ಬರಿಯಾಕ ಬೇಕಾಗಿದ್ವು. ಅಳಿಸಾಕ ಯಾರ ಸೈನೂ ಬ್ಯಾಡಂತ.”